ಮಾತ್ರೆ ನುಂಗಿದರೆ ಪರಿಹಾರ ಕಡಿತವೇ? ಅಮೆರಿಕದ ಮಾಜಿ ಸೈನಿಕರ ನರಹಾನಿಯ ಲೆಕ್ಕಾಚಾರ

2026ರ ಫೆಬ್ರುವರಿ 17ರಂದು ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ ಒಂದು ನಿಯಮ ಹೊರಡಿಸಿತು. ಎಲ್ಲರ ಬಾಯಲ್ಲಿ ಈ ಇಲಾಖೆ ಬರೀ 'ವಿಎ'. ತಿಂಗಳ ಪರಿಹಾರದ ಹಣ ನಿಂತಿರುವುದು ಅಂಗವೈಕಲ್ಯದ ಪರ್ಸೆಂಟಿನ ಮೇಲೆ. ಮಾಜಿ ಸೈನಿಕರ ಅಂಗವೈಕಲ್ಯ ಎಷ್ಟು ಪರ್ಸೆಂಟು ಎಂದು ನಿರ್ಧರಿಸುವಾಗ ಔಷಧಿ ತೆಗೆದುಕೊಂಡ ಮೇಲಿನ ಸ್ಥಿತಿಯನ್ನೇ ನೋಡಬೇಕು, ಔಷಧಿ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಬಾರದು ಎಂಬುದು ನಿಯಮದ ತಿರುಳು. ಪ್ರಕಟವಾದ ದಿನವೇ ಜಾರಿ. ಮಾಜಿ ಸೈನಿಕರ ಸಂಘಟನೆಗಳು ತಿರುಗಿಬಿದ್ದವು. ಎರಡು ದಿನ ಕಳೆಯುವಷ್ಟರಲ್ಲಿ ಇಲಾಖೆಯ ಕಾರ್ಯದರ್ಶಿ ಡಗ್ ಕಾಲಿನ್ಸ್ ಇದನ್ನು ಜಾರಿ ಮಾಡುವುದಿಲ್ಲ ಎಂದರು. ಬಳಿಕ ನಿಯಮವನ್ನೇ ಹಿಂದಕ್ಕೆ ಪಡೆಯಲಾಯಿತು.

ನಿಯಮ ಹೋಯಿತು, ಗೊಂದಲ ಉಳಿಯಿತು. ಮಾತ್ರೆ ನುಂಗಿ ಸುಧಾರಿಸಿಕೊಂಡವನಿಗೆ ಪರಿಹಾರ ಕಡಿಮೆಯೇ? ಪರೀಕ್ಷೆಗೆ ಹೋಗುವ ಮುನ್ನ ಮಾತ್ರೆ ಬಿಡಬೇಕೇ? ಇದಕ್ಕೆ ಎಲ್ಲ ಕಾಯಿಲೆಗೂ ಒಂದೇ ಉತ್ತರವಿಲ್ಲ. ಕೈಕಾಲುಗಳ ನರಹಾನಿಯನ್ನು ಹಿಡಿದು ನೋಡಿದರೆ ಮಾತ್ರ ಈ ಜಗಳದ ಒಳಹೂರಣ ಚೆನ್ನಾಗಿ ಕಾಣುತ್ತದೆ. ನಮ್ಮ ಬಸ್ ನಿಲ್ದಾಣದ ಗೋಡೆಗಳ ಮೇಲಿನ 'ನರದೌರ್ಬಲ್ಯ'ಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಇಲ್ಲಿನ ವಿಷಯ ಪಾದ ಉರಿಯುವುದು, ಬೆರಳು ಜೋಮು ಹಿಡಿಯುವುದು, ಕಾಲಿನಿಂದ ಚಪ್ಪಲಿ ಕಳಚಿಬಿದ್ದರೂ ನಾಲ್ಕು ಹೆಜ್ಜೆ ಹೋಗುವ ತನಕ ಗೊತ್ತಾಗದಿರುವುದು.

ಅಳತೆಗೋಲಿಲ್ಲದ ಅಳತೆ

ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯಬಹುದು. ಕಿವಿ ಎಷ್ಟು ಡೆಸಿಬಲ್‌ಗೆ ಕೇಳಿಸುತ್ತದೆ ಎಂದು ಯಂತ್ರ ಹೇಳುತ್ತದೆ. ನರಕ್ಕೆ ಅಂಥದ್ದಿಲ್ಲ. ವಿಎ ಬಳಸುವ ರೇಟಿಂಗ್ ಪಟ್ಟಿಯಲ್ಲಿ ಪ್ರತಿ ನರಕ್ಕೂ ಒಂದು ಕೋಡ್ ಸಂಖ್ಯೆ ಇದೆ. ಅದರ ಮುಂದೆ ಇರುವುದು ಸೌಮ್ಯ, ಮಧ್ಯಮ, ತೀವ್ರ, ಸಂಪೂರ್ಣ ಎಂಬ ಪದಗಳಷ್ಟೇ. ಸೌಮ್ಯ ಎಲ್ಲಿ ಮುಗಿದು ಮಧ್ಯಮ ಎಲ್ಲಿ ಶುರುವಾಗುತ್ತದೆ ಎಂದು ಪಟ್ಟಿ ಹೇಳುವುದಿಲ್ಲ.

ಸೊಂಟದಿಂದ ತೊಡೆಯ ಹಿಂಬದಿಯಲ್ಲಿ ಇಳಿಯುವ ಸಯಾಟಿಕ್ ನರದ ಕೋಡ್ 8520. ಸೌಮ್ಯವಾದರೆ 10 ಪರ್ಸೆಂಟು, ಮಧ್ಯಮಕ್ಕೆ 20, ಮಧ್ಯಮಕ್ಕಿಂತ ಹೆಚ್ಚಿದ್ದರೆ 40. ಸ್ನಾಯು ಎದ್ದು ಕಾಣುವಂತೆ ಸವೆದು ತೀವ್ರವಾಗಿದ್ದರೆ 60, ಪೂರ್ತಿ ಸತ್ತಿದ್ದರೆ 80. ಮುಂದೊಡೆಯ ಫೆಮೊರಲ್ ನರಕ್ಕೆ 10ರಿಂದ 40ರವರೆಗೆ ಮಾತ್ರ. ಕೈಗಳ ವಿಷಯದಲ್ಲಿ ಪಟ್ಟಿ ಇನ್ನೂ ಸೂಕ್ಷ್ಮ. ಅಂಗೈಯ ಮೀಡಿಯನ್ ನರ ಹಾಳಾಗಿದ್ದು ಅದು ಬರೆಯುವ ಕೈಯಾದರೆ 10, 30, 50, 70. ಇನ್ನೊಂದು ಕೈಯಾದರೆ 10, 20, 40, 60. ಎರಡೂ ಕೈಯಲ್ಲಿ ಸಮನಾಗಿ ಕೆಲಸ ಮಾಡುವವರಿಗೆ ಹೆಚ್ಚು ಹಾಳಾದ ಕೈಯನ್ನೇ ಮುಖ್ಯ ಕೈ ಎಂದು ಲೆಕ್ಕ ಹಾಕಬೇಕು. ಅರ್ಜಿಯಲ್ಲಿ ಯಾವ ಕೈ ಎಂದು ಬರೆಯಲು ಮರೆತರೆ ಇಪ್ಪತ್ತಕ್ಕೂ ಮೂವತ್ತಕ್ಕೂ ಇರುವ ವ್ಯತ್ಯಾಸ ಸದ್ದಿಲ್ಲದೆ ಕೈತಪ್ಪಬಹುದು.

ಪಟ್ಟಿಯಲ್ಲಿ ಒಂದು ಗಟ್ಟಿ ಗೆರೆ ಇದೆ. ತೊಂದರೆ ಬರೀ ಸಂವೇದನೆಗೆ ಸಂಬಂಧಿಸಿದ್ದಾದರೆ, ಅಂದರೆ ಜೋಮು, ಉರಿ, ಮರಗಟ್ಟುವಿಕೆಗಳಷ್ಟೇ ಇದ್ದರೆ, ಸೌಮ್ಯ ಅಥವಾ ಹೆಚ್ಚೆಂದರೆ ಮಧ್ಯಮ ದರ್ಜೆ. ಪಾದ ರಾತ್ರಿಯಿಡೀ ಕೆಂಡ ತುಳಿದಂತೆ ಉರಿದರೂ ಸ್ನಾಯು ಗಟ್ಟಿಯಾಗಿದ್ದರೆ ಸಯಾಟಿಕ್ ಕೋಡ್‌ನಲ್ಲಿ 20ಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಹಾಗಾದರೆ ಸ್ವಲ್ಪ ಬಲಹೀನತೆ ಇದ್ದರೆ ತಾನಾಗಿ ಮೇಲಿನ ದರ್ಜೆ ಸಿಗುತ್ತದೆಯೇ? ಸಿಗುವುದಿಲ್ಲ. ಆ ಗೆರೆ ಸಂವೇದನೆಯ ತೊಂದರೆಗೆ ಹಾಕಿದ ಮೇಲ್ಮಿತಿಯೇ ಹೊರತು ಉಳಿದವರಿಗೆ ಕೊಟ್ಟ ಕನಿಷ್ಠ ಭರವಸೆಯಲ್ಲ ಎಂದು 2017ರಲ್ಲಿ ಮಿಲ್ಲರ್ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಹೇಳಿದೆ.

ವೈದ್ಯರ ಮುಂದೆ ಏನಾಗುತ್ತದೆ

ಅರ್ಜಿ ಹಾಕಿದ ಮೇಲೆ ವಿಎ ಸಾಮಾನ್ಯವಾಗಿ ಒಂದು ವೈದ್ಯಕೀಯ ಪರೀಕ್ಷೆಗೆ ಕರೆಯುತ್ತದೆ. ಎಷ್ಟೋ ಸಲ ಇದನ್ನು ಮಾಡುವುದು ಗುತ್ತಿಗೆ ಕಂಪನಿಗಳ ವೈದ್ಯರು. ಅವರ ಕೈಯಲ್ಲಿ ಒಂದು ಪ್ರಶ್ನಾವಳಿ ಇರುತ್ತದೆ. ಅದರಲ್ಲಿ ಮೊದಲು ಲಕ್ಷಣಗಳು ಬರುತ್ತವೆ: ಸದಾ ಇರುವ ನೋವು, ಬಂದುಹೋಗುವ ನೋವು, ಜೋಮು, ಮರಗಟ್ಟುವಿಕೆ. ಪ್ರತಿಯೊಂದಕ್ಕೂ ಪ್ರತಿ ಕೈಗೆ, ಪ್ರತಿ ಕಾಲಿಗೆ ಬೇರೆ ಬೇರೆ ಗುರುತು. ಆಮೇಲೆ ಪರೀಕ್ಷೆ. ಸ್ನಾಯುಬಲಕ್ಕೆ 0ರಿಂದ 5ರವರೆಗೆ ಅಂಕ. ಮಂಡಿಗೂ ಹಿಮ್ಮಡಿಗೂ ಸುತ್ತಿಗೆ ತಟ್ಟಿ ಪ್ರತಿಕ್ರಿಯೆ ನೋಡುತ್ತಾರೆ. ಪಾದಕ್ಕೆ 10 ಗ್ರಾಂ ಒತ್ತಡದ ನೈಲಾನ್ ಎಳೆ ಮುಟ್ಟಿಸುತ್ತಾರೆ, ಹೆಬ್ಬೆರಳಿನ ಮೇಲೆ 128 ಹರ್ಟ್ಸ್‌ನ ಶ್ರುತಿಕವಲು ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಮೀನಖಂಡ ಸವೆದಿದ್ದರೆ ಟೇಪು ಹಿಡಿದು ಎರಡೂ ಕಾಲಿನ ಸುತ್ತಳತೆ ಬರೆಯಬೇಕು. ಕೂದಲು ಉದುರಿ ಚರ್ಮ ಹೊಳಪಾಗಿದ್ದರೆ ಅದಕ್ಕೂ ಒಂದು ಜಾಗವಿದೆ.

ಕೊನೆಗೆ ವೈದ್ಯರು ಪ್ರತಿ ನರದ ಮುಂದೆ ದರ್ಜೆಯನ್ನು ಗುರುತು ಹಾಕುತ್ತಾರೆ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಹಿಮ್ಮಡಿಯ ಪ್ರತಿಕ್ರಿಯೆ ಶೂನ್ಯ ಎಂದು ಮೇಲೆ ಬರೆದು ಕೆಳಗೆ 'ಸೌಮ್ಯ' ಎಂದು ಗುರುತು ಹಾಕಿದ ವರದಿಗಳು ಬರುತ್ತವೆ. ರೇಟಿಂಗ್ ಕೊಡುವ ಅಧಿಕಾರಿ ವೈದ್ಯರ ಪದವನ್ನಷ್ಟೇ ಎತ್ತಿಕೊಳ್ಳಬಾರದು, ಕಂಡುಬಂದ ಅಂಶಗಳನ್ನೆಲ್ಲ ತೂಗಿ ನೋಡಬೇಕು ಎನ್ನುತ್ತದೆ ನಿಯಮ. ರಾಶಿ ಕಡತದ ಮುಂದೆ ಕುಳಿತವರು ಗುರುತು ಹಾಕಿದ ಚೌಕವನ್ನೇ ನೋಡಿ ಮುಂದೆ ಹೋಗುವುದೂ ಇದೆ. ಆದ್ದರಿಂದ ವರದಿಯ ಪ್ರತಿ ತರಿಸಿಕೊಂಡು ಮೇಲಿನ ಅಂಕಗಳಿಗೂ ಕೆಳಗಿನ ದರ್ಜೆಗೂ ತಾಳೆಯಿದೆಯೇ ಎಂದು ನೋಡುವುದು ಅರ್ಜಿದಾರ ಮಾಡಬೇಕಾದ ಮೊದಲ ಕೆಲಸ.

ನರದ ವಿದ್ಯುತ್ ಪರೀಕ್ಷೆಯನ್ನು ಹಲವರು ಅಂತಿಮ ಸಾಕ್ಷಿ ಎಂದು ನಂಬಿರುತ್ತಾರೆ. ಅದು ದಪ್ಪ ನರಗಳ ಹಾನಿಯನ್ನು ಚೆನ್ನಾಗಿ ಹಿಡಿಯುತ್ತದೆ. ಉರಿ ಮತ್ತು ಬಿಸಿ-ತಂಪಿನ ಸಂವೇದನೆ ಹೊರುವ ಸಣ್ಣ ನರತಂತುಗಳು ಮಾತ್ರ ಹಾಳಾಗಿದ್ದರೆ ಫಲಿತಾಂಶ ನಾರ್ಮಲ್ ಬರುತ್ತದೆ. ಅಂಥವರಿಗೆ ಚರ್ಮದ ಚೂರು ತೆಗೆದು ತಂತುಗಳನ್ನು ಎಣಿಸುವ ಪರೀಕ್ಷೆ ಬೇಕು. ವಿದ್ಯುತ್ ಪರೀಕ್ಷೆ ನಾರ್ಮಲ್ ಎಂಬ ಒಂದೇ ಸಾಲಿನಿಂದ ಅರ್ಜಿ ಬಿದ್ದುಹೋಗಿದ್ದರೆ ಮೇಲ್ಮನವಿಯಲ್ಲಿ ಹಿಡಿಯಬೇಕಾದ ಎಳೆ ಇದೇ.

ಔಷಧಿಯ ಜಗಳ ಹುಟ್ಟಿದ್ದು ಹೇಗೆ

2012ರಲ್ಲಿ ಜೋನ್ಸ್ ಪ್ರಕರಣ ಬಂತು. ಅದು ಕರುಳಿನ ಕಾಯಿಲೆಯ ವ್ಯಾಜ್ಯ. ರೇಟಿಂಗ್ ಪಟ್ಟಿಯಲ್ಲಿ ಔಷಧಿಯ ಮಾತೇ ಇಲ್ಲದಿದ್ದಾಗ, ಔಷಧಿಯಿಂದ ಸಿಕ್ಕ ಆರಾಮವನ್ನು ಕಾರಣ ಮಾಡಿ ಹೆಚ್ಚಿನ ದರ್ಜೆ ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 2025ರ ಮಾರ್ಚ್‌ನ ಇಂಗ್ರಾಮ್ ತೀರ್ಪು ಅದನ್ನು ಮೂಳೆ, ಕೀಲು, ಸ್ನಾಯುಗಳ ಕೋಡ್‌ಗಳಿಗೂ ಚಾಚಿತು. ಔಷಧಿಯ ಒಳ್ಳೆಯ ಪರಿಣಾಮವನ್ನು ಕಳೆದು, ಅದಿಲ್ಲದ ಸ್ಥಿತಿ ಎಷ್ಟಿರುತ್ತದೆ ಎಂದು ನೋಡಿ ದರ್ಜೆ ಕೊಡಬೇಕು ಎಂಬುದು ಅದರ ಸಾರ. ಫೆಬ್ರುವರಿಯ ನಿಯಮ ಈ ತೀರ್ಪಿಗೆ ಹಾಕಿದ ಅಡ್ಡಗಟ್ಟೆ.

ಪಟ್ಟಿಯಲ್ಲಿ ಔಷಧಿಯ ಮಾತು ಇರುವ ಕಾಯಿಲೆಗಳೂ ಇವೆ. ಸಕ್ಕರೆ ಕಾಯಿಲೆಯೇ ಉದಾಹರಣೆ. ಪಥ್ಯದಲ್ಲೇ ಹತೋಟಿಯಲ್ಲಿದ್ದರೆ 10, ಪಥ್ಯದ ಜೊತೆ ಮಾತ್ರೆಯೋ ಇನ್ಸುಲಿನ್ನೋ ಬೇಕಾದರೆ 20. ಇಲ್ಲಿ ಔಷಧಿಯೇ ದರ್ಜೆಯ ಮೆಟ್ಟಿಲಾಗಿರುವುದರಿಂದ ಜಗಳಕ್ಕೆ ಆಸ್ಪದವಿಲ್ಲ. ನರಗಳ ಕೋಡ್‌ಗಳು ಔಷಧಿಯ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ. ಆದ್ದರಿಂದಲೇ ಜೋನ್ಸ್ ಮತ್ತು ಇಂಗ್ರಾಮ್ ವಾದ ಅವುಗಳಿಗೆ ನೇರವಾಗಿ ತಾಗುತ್ತದೆ.

ವಿಎ ವಾದವನ್ನು ತಳ್ಳಿಹಾಕುವಂತಿಲ್ಲ. ದುಡಿಯುವ ಶಕ್ತಿ ಸರಾಸರಿ ಎಷ್ಟು ಕುಗ್ಗಿದೆ ಎಂಬುದಕ್ಕೆ ಪರಿಹಾರ ಎನ್ನುತ್ತದೆ ಕಾನೂನು. ವ್ಯಕ್ತಿ ಔಷಧಿ ತೆಗೆದುಕೊಂಡೇ ದುಡಿಯುತ್ತಿದ್ದಾನೆ, ಕಣ್ಣೆದುರಿಗಿರುವ ಸ್ಥಿತಿ ಬಿಟ್ಟು ಇಲ್ಲದ ಸ್ಥಿತಿಯನ್ನು ವೈದ್ಯರು ಹೇಗೆ ಊಹಿಸಬೇಕು ಎಂಬುದು ಅದರ ಪ್ರಶ್ನೆ. ಬಾಕಿಯಿರುವ ಲಕ್ಷಗಟ್ಟಲೆ ಅರ್ಜಿಗಳನ್ನು ಮತ್ತೆ ಪರೀಕ್ಷಿಸಬೇಕಾದೀತು ಎಂಬ ಆಡಳಿತದ ಭಯವೂ ಇದೆ.

ಎದುರು ಪಕ್ಷದ ವಾದಕ್ಕೂ ಅಷ್ಟೇ ತೂಕವಿದೆ. ಒಂದೇ ರೀತಿಯ ಹಾನಿಯಾದ ಇಬ್ಬರಲ್ಲಿ ವೈದ್ಯರ ಮಾತು ಕೇಳಿ ಮಾತ್ರೆ ನುಂಗಿದವನಿಗೆ ಕಡಿಮೆ, ನುಂಗದವನಿಗೆ ಹೆಚ್ಚು ಎಂದಾದರೆ ಚಿಕಿತ್ಸೆಗೇ ದಂಡ ವಿಧಿಸಿದಂತೆ. ಇದರಲ್ಲಿ ನಿಜವಾದ ಅಪಾಯವೂ ಇದೆ. ನರದ ಉರಿಗೆ ಸಾಮಾನ್ಯವಾಗಿ ಕೊಡುವುದು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್. ಗ್ಯಾಬಪೆಂಟಿನ್ ಒಮ್ಮೆಲೇ ಬಿಟ್ಟರೆ ಚಡಪಡಿಕೆ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಪರೀಕ್ಷೆಯಲ್ಲಿ 'ನಿಜವಾದ ನೋವು' ತೋರಿಸಲು ಎರಡು ದಿನ ಮಾತ್ರೆ ಬಿಟ್ಟವನು ಆಸ್ಪತ್ರೆ ಸೇರಿದರೆ ಆ ನಿಯಮದಿಂದ ಯಾರಿಗೂ ಉಳಿತಾಯವಾಗಲಿಲ್ಲ. ಮೊದಲು ಜಾರಿ, ಆಮೇಲೆ ಸಾರ್ವಜನಿಕರ ಅಭಿಪ್ರಾಯ ಎಂಬ ಕ್ರಮವೂ ಸಿಟ್ಟಿಗೆ ತುಪ್ಪ ಸುರಿಯಿತು.

ನರದ ಮಟ್ಟಿಗೆ ಪೆಟ್ಟು ಬೀಳುವುದು ಎಲ್ಲಿ

ಇಷ್ಟೆಲ್ಲ ಗದ್ದಲದಲ್ಲಿ ಒಂದು ಸಂಗತಿ ಬದಿಗೆ ಸರಿಯಿತು. ಈ ಮಾತ್ರೆಗಳು ತಗ್ಗಿಸುವುದು ನೋವನ್ನು ಮತ್ತು ಉರಿಯನ್ನು. ಸತ್ತ ಸಂವೇದನೆಯನ್ನು ಅವು ಮರಳಿ ತರುವುದಿಲ್ಲ. ಹೋದ ಹಿಮ್ಮಡಿ ಪ್ರತಿಕ್ರಿಯೆ ಗ್ಯಾಬಪೆಂಟಿನ್‌ನಿಂದ ವಾಪಸ್ ಬರದು, ಸವೆದ ಮೀನಖಂಡ ತುಂಬಿಕೊಳ್ಳದು, ಜೋಲುವ ಪಾದ ಎದ್ದು ನಿಲ್ಲದು. ಮೇಲಿನ ದರ್ಜೆಗಳನ್ನು ನಿರ್ಧರಿಸುವುದು ಬಲಹೀನತೆ, ಸವೆತ, ಪ್ರತಿಕ್ರಿಯೆಗಳೇ. ಅಲ್ಲಿ ಮಾತ್ರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾಗಿ ನರಹಾನಿಯಲ್ಲಿ ಔಷಧಿಯ ಜಗಳ ತಟ್ಟುವುದು ಕೆಳಗಿನ ಎರಡು ಮೆಟ್ಟಿಲುಗಳ ನಡುವೆ, ಸೌಮ್ಯವೋ ಮಧ್ಯಮವೋ ಎನ್ನುವಲ್ಲಿ. ಜಾಗ ಕಿರಿದಾದರೂ ಹಣ ಸಣ್ಣದಲ್ಲ. ಲೆಕ್ಕ ಹಾಕಿಯೇ ನೋಡಬಹುದು.

ಸಕ್ಕರೆ ಕಾಯಿಲೆಗೆ 20 ಪರ್ಸೆಂಟು ಇರುವ, ಅವಲಂಬಿತರಿಲ್ಲದ ಒಬ್ಬ ಮಾಜಿ ಸೈನಿಕ. ಎರಡೂ ಕಾಲಿನ ಸಯಾಟಿಕ್ ನರಕ್ಕೆ ಸೌಮ್ಯ ದರ್ಜೆ, ತಲಾ 10. ವಿಎ ಲೆಕ್ಕದಲ್ಲಿ 10ಕ್ಕೆ 10 ಕೂಡಿದರೆ 20 ಆಗುವುದಿಲ್ಲ. ಮೊದಲ 10 ಹೋದ ಮೇಲೆ ಉಳಿದ 90ರಲ್ಲಿ 10 ಪರ್ಸೆಂಟು, ಅಂದರೆ 9. ಒಟ್ಟು 19. ಎರಡೂ ಬದಿಯ ಕಾಲುಗಳಾದ್ದರಿಂದ ಅದರ ಹತ್ತನೆಯ ಒಂದು ಭಾಗ, 1.9, ಹೆಚ್ಚುವರಿ. 20.9ನ್ನು 21 ಎಂದು ಹಿಡಿದು ಸಕ್ಕರೆ ಕಾಯಿಲೆಯ 20ರ ಜೊತೆ ಅದೇ ರೀತಿ ಕೂಡಿಸಿದರೆ 37. ಹತ್ತಿರದ ಹತ್ತಕ್ಕೆ ಏರಿಸಿ 40.

ಅದೇ ಮನುಷ್ಯನ ಕಾಲುಗಳು ಮಧ್ಯಮ ಎಂದಾದರೆ ತಲಾ 20. ಕೂಡಿದರೆ 36, ಹೆಚ್ಚುವರಿ 3.6 ಸೇರಿ 39.6, ಅಂದರೆ 40. ಸಕ್ಕರೆ ಕಾಯಿಲೆ ಸೇರಿದರೆ 52, ಅದು 50ಕ್ಕೆ ಇಳಿಯುತ್ತದೆ. 2025ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ದರದಲ್ಲಿ 40 ಪರ್ಸೆಂಟಿಗೆ ತಿಂಗಳಿಗೆ 795.84 ಡಾಲರ್, 50ಕ್ಕೆ 1,132.90. ವ್ಯತ್ಯಾಸ 337 ಡಾಲರ್, ವರ್ಷಕ್ಕೆ 4 ಸಾವಿರ ದಾಟುತ್ತದೆ. ರಾತ್ರಿ ಎಷ್ಟು ಹೊತ್ತು ಪಾದ ಉರಿಯಿತು ಎಂಬ ಒಂದು ಗುರುತಿನ ಮೇಲೆ ಇಷ್ಟು ನಿಂತಿದೆ.

ಮಾತ್ರೆ ಬಿಡದೆ ಆ ಗುರುತನ್ನು ಸರಿಯಾಗಿ ಹಾಕಿಸುವ ದಾರಿಯೂ ಇದೆ. ಔಷಧಿ ಶುರುವಾಗುವ ಮುಂಚಿನ ಚೀಟಿಗಳಲ್ಲಿ ನೋವಿನ ವಿವರ ಇರುತ್ತದೆ. ಡೋಸ್ 300 ಮಿಲಿಗ್ರಾಂನಿಂದ ಏರುತ್ತಾ ಹೋಗಿದ್ದರೆ ಔಷಧಾಲಯದ ದಾಖಲೆಯೇ ಅದನ್ನು ಹೇಳುತ್ತದೆ. ಡೋಸ್ ತಪ್ಪಿದ ದಿನ ಏನಾಯಿತು ಎಂದು ಜೊತೆಯಲ್ಲಿರುವವರು 21-10210 ನಮೂನೆಯಲ್ಲಿ ಬರೆದುಕೊಡಬಹುದು. 'ತುಂಬಾ ನೋವು' ಎಂದರೆ ಅದಕ್ಕೆ ಬೆಲೆ ಕಡಿಮೆ. 'ಹೊದಿಕೆ ಪಾದಕ್ಕೆ ತಾಗಿದರೂ ಎದ್ದು ಕೂರುತ್ತಾರೆ, ವಾರದಲ್ಲಿ ನಾಲ್ಕು ರಾತ್ರಿ' ಎಂದು ಬರೆದರೆ ವೈದ್ಯರಿಗೂ ಅಧಿಕಾರಿಗೂ ಹಿಡಿಯಲು ಏನಾದರೂ ಸಿಗುತ್ತದೆ.

ಸೇವೆಗೆ ನಂಟು ಹಾಕುವುದು

ದರ್ಜೆಯ ಪ್ರಶ್ನೆ ಬರುವುದೇ ಕಾಯಿಲೆಗೂ ಸೇವೆಗೂ ನಂಟಿದೆ ಎಂದು ಒಪ್ಪಿದ ಮೇಲೆ. ವಿಯೆಟ್ನಾಂ ಕಾಲದ ಏಜೆಂಟ್ ಆರೆಂಜ್ ಕಳೆನಾಶಕದಿಂದಲೇ ಬಂದವೆಂದು ವಿಎ ಭಾವಿಸುವ ಕಾಯಿಲೆಗಳ ಪಟ್ಟಿಯಲ್ಲಿ ನರಹಾನಿಯ ಹೆಸರಿದೆ. ಅದನ್ನು ನೋಡಿ ಅರ್ಜಿ ಹಾಕಿದ ಎಷ್ಟೋ ಜನ ಮುಗ್ಗರಿಸುತ್ತಾರೆ. ಅಲ್ಲಿರುವುದು ಬೇಗ ಕಾಣಿಸಿಕೊಂಡ ನರಹಾನಿ ಮಾತ್ರ. ರಾಸಾಯನಿಕ ಕೊನೆಯ ಬಾರಿ ಸೋಕಿದ ಒಂದು ವರ್ಷದೊಳಗೆ ಕನಿಷ್ಠ 10 ಪರ್ಸೆಂಟಿನಷ್ಟು ಬಾಧಿಸಿರಬೇಕು. ನಲವತ್ತು ವರ್ಷ ಬಿಟ್ಟು ಜೋಮು ಶುರುವಾದವರಿಗೆ ಈ ಬಾಗಿಲು ತೆರೆಯದು.

ಅವರಲ್ಲಿ ಹಲವರಿಗೆ ಪಕ್ಕದ ಬಾಗಿಲಿದೆ. ಟೈಪ್ 2 ಸಕ್ಕರೆ ಕಾಯಿಲೆ 2001ರಿಂದ ಅದೇ ಪಟ್ಟಿಯಲ್ಲಿದೆ, ಅದಕ್ಕೆ ಕಾಲಮಿತಿಯಿಲ್ಲ. ಸಕ್ಕರೆ ಕಾಯಿಲೆ ಸೇವೆಯಿಂದ ಬಂದದ್ದೆಂದು ಒಪ್ಪಿದರೆ ಅದರಿಂದಾದ ನರಹಾನಿ ಎರಡನೆಯ ಕೊಂಡಿಯಾಗಿ ಸೇರುತ್ತದೆ. ಥಾಯ್ಲೆಂಡ್, ಗುವಾಮ್ ಮುಂತಾದೆಡೆ ನಿಗದಿತ ಅವಧಿಯಲ್ಲಿ ಇದ್ದವರನ್ನೂ 2022ರ ಪ್ಯಾಕ್ಟ್ ಕಾಯ್ದೆ ಒಳಗೆ ತಂದಿತು. ಬೆನ್ನಿನ ಡಿಸ್ಕ್ ಜಾರಿ ನರ ಒತ್ತಿದವರದೂ ಇದೇ ಕೊಂಡಿಯ ಕಥೆ: ಬೆನ್ನಿಗೆ ಒಂದು ದರ್ಜೆ, ಕಾಲಿಗಿಳಿದ ನರಕ್ಕೆ ಪ್ರತ್ಯೇಕ ದರ್ಜೆ. ವೈದ್ಯರ ಅಭಿಪ್ರಾಯದಲ್ಲಿ 'ಇರಬಹುದು' ಎಂದಿದ್ದರೆ ಸಾಲದು, 'ಅಲ್ಲ ಎನ್ನುವಷ್ಟೇ ಹೌದು ಎನ್ನಲೂ ಕಾರಣವಿದೆ' ಎಂದಿರಬೇಕು. ತಕ್ಕಡಿ ಸಮವಾಗಿ ನಿಂತರೆ ಸಂಶಯದ ಲಾಭ ಸೈನಿಕನಿಗೆ.

ಒಂದೇ ಕಾಲಿನಲ್ಲಿ ಸಯಾಟಿಕ್ ನರಕ್ಕೊಮ್ಮೆ, ಅದರದೇ ಕವಲಾದ ಪೆರೋನಿಯಲ್ ನರಕ್ಕೊಮ್ಮೆ, ಅದೇ ಲಕ್ಷಣ ತೋರಿಸಿ ಎರಡು ಸಲ ಕೇಳುವಂತಿಲ್ಲ. ಮುಂದೊಡೆಯ ಫೆಮೊರಲ್ ನರವೂ ಹಾಳಾಗಿದ್ದರೆ ಬೇರೆ ದರ್ಜೆ ಕೇಳಬಹುದು, ಏಕೆಂದರೆ ಅದರ ಕೆಲಸ ಬೇರೆ. ಪೆರೋನಿಯಲ್ ನರ ಪೂರ್ತಿ ಸತ್ತು ಪಾದ ಜೋಲುತ್ತಿದ್ದರೆ ಪಾದವೇ ಇಲ್ಲದಂತೆ ಎಂದು ಪರಿಗಣಿಸಿ ತಿಂಗಳಿಗೆ ಸುಮಾರು 140 ಡಾಲರ್ ವಿಶೇಷ ಭತ್ಯೆ ಕೊಡುತ್ತಾರೆ.

ತಿರಸ್ಕಾರವಾದರೆ ಮೂರು ದಾರಿ

2019ರ ಫೆಬ್ರುವರಿಯಿಂದ ಮೂರು ದಾರಿಗಳಿವೆ. ಹೊಸ ಸಾಕ್ಷ್ಯವಿದ್ದರೆ 20-0995 ನಮೂನೆ. ಸಾಕ್ಷ್ಯವೆಲ್ಲ ಕಡತದಲ್ಲೇ ಇದ್ದು ಅಧಿಕಾರಿ ತಪ್ಪಾಗಿ ಓದಿದ್ದಾನೆ ಎನಿಸಿದರೆ 20-0996, ಹಿರಿಯ ಅಧಿಕಾರಿಯ ಮರುಪರಿಶೀಲನೆ. ಇಲ್ಲಿ ಹೊಸ ಕಾಗದ ಒಂದನ್ನೂ ಸೇರಿಸುವಂತಿಲ್ಲ. ಮೂರನೆಯದು ಮೇಲ್ಮನವಿ ಮಂಡಳಿ. ಅಂಕವೂ ದರ್ಜೆಯೂ ತಾಳೆಯಾಗದ ವರದಿಗೆ ಎರಡನೆಯ ದಾರಿ ಒಗ್ಗುತ್ತದೆ, ಚರ್ಮದ ಪರೀಕ್ಷೆಯಂಥ ಹೊಸ ದಾಖಲೆಗೆ ಮೊದಲನೆಯದು. ತೀರ್ಮಾನ ಬಂದ ಒಂದು ವರ್ಷದೊಳಗೆ ಹೆಜ್ಜೆ ಇಟ್ಟರೆ ಮೂಲ ಅರ್ಜಿಯ ತಾರೀಖು ಉಳಿಯುತ್ತದೆ, ಬಾಕಿ ಹಣ ಅಲ್ಲಿಂದ ಲೆಕ್ಕ. ಅರ್ಜಿ ಹಾಕುವ ಮೊದಲೇ 21-0966 ನಮೂನೆಯಲ್ಲಿ ಉದ್ದೇಶ ತಿಳಿಸಿಟ್ಟರೆ ಆ ತಾರೀಖು ಒಂದು ವರ್ಷ ಕಾದಿರುತ್ತದೆ.

ನಮ್ಮಲ್ಲಿನ ಲೆಕ್ಕ ಬೇರೆ

ಭಾರತೀಯ ಸೇನೆಯಿಂದ ಬಂದವರ ಮನೆಗಳಲ್ಲಿ, ಕೊಡಗಿನಲ್ಲಂತೂ ವಿಶೇಷವಾಗಿ, ಈ ಸುದ್ದಿ ಓದಿ ಹೋಲಿಸುವವರಿದ್ದಾರೆ. ಎರಡು ವ್ಯವಸ್ಥೆಗಳ ಬುಡವೇ ಬೇರೆ. ಇಲ್ಲಿ ಬಿಡುಗಡೆಯ ಹೊತ್ತಿನ ವೈದ್ಯಕೀಯ ಮಂಡಳಿ ಪರ್ಸೆಂಟು ಬರೆಯುತ್ತದೆ. 20ಕ್ಕಿಂತ ಕಡಿಮೆಯಾದರೆ ಪಿಂಚಣಿಯಲ್ಲಿ ಅಂಗವೈಕಲ್ಯದ ಭಾಗ ಸಿಗುವುದಿಲ್ಲ. ಅಮೆರಿಕದಲ್ಲಿ ತಿಂಗಳಿಗೆ 180 ಡಾಲರ್ ತರುವ 10 ಪರ್ಸೆಂಟಿನ ಜೋಮಿಗೆ ಇಲ್ಲಿ ಬೆಲೆಯಿಲ್ಲ. 20 ಮುಟ್ಟಿದವರಿಗೆ ಮಾತ್ರ ಲೆಕ್ಕ ಉದಾರ: 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ ಏರಿಸುವ ಪದ್ಧತಿಯನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಇಲ್ಲಿನ ಹೋರಾಟ ಬಹುಪಾಲು ಕಾಯಿಲೆ ಸೇವೆಯಿಂದ ಬಂತೇ, ಸೇವೆಯಿಂದ ಉಲ್ಬಣಿಸಿತೇ ಎಂಬ ಪ್ರಶ್ನೆಯ ಸುತ್ತ. ಸೇರುವಾಗ ಆರೋಗ್ಯವಾಗಿದ್ದನೆಂದು ದಾಖಲಾದವನ ಕಾಯಿಲೆ ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲ ಎನ್ನುವ ಹೊಣೆ ಇಲಾಖೆಯದು ಎಂದು 2013ರ ಧರಮವೀರ್ ಸಿಂಗ್ ತೀರ್ಪು ಹೇಳಿದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳು ಈ ವಾದವನ್ನು ಮತ್ತೆ ಕೆದಕಿವೆ. ಕರ್ನಾಟಕದವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕೆಂದರೆ ಕೊಚ್ಚಿ ಪೀಠಕ್ಕೆ ಹೋಗಬೇಕು.

ಹಿಮದಲ್ಲಿ ನರ ಸತ್ತ ಪಾದಗಳು ಎರಡೂ ಸೇನೆಗಳಲ್ಲಿವೆ. ಕೊರಿಯಾದ ಚೋಸಿನ್ ಜಲಾಶಯದ ಬಳಿ 1950ರ ಚಳಿಯಲ್ಲಿ ಕಾದಾಡಿದವರಿಗೆ ಅನ್ವಯಿಸುವ ಚಳಿಹಾನಿಯ ಕೋಡ್ 7122, ಪ್ರತಿ ಪಾದಕ್ಕೆ 30 ಪರ್ಸೆಂಟಿನವರೆಗೆ ಕೊಡುತ್ತದೆ. ಅದಕ್ಕೆ ಬಳಸದ ನರದ ಲಕ್ಷಣಗಳನ್ನು ಪ್ರತ್ಯೇಕವಾಗಿ ಎಣಿಸಲೂ ಒಪ್ಪುತ್ತದೆ. ಸಿಯಾಚಿನ್‌ನಿಂದ ಇಳಿದು ಬಂದವನ ಎರಡೂ ಪಾದಗಳ ಹಾನಿಗೆ ನಮ್ಮ ಮಂಡಳಿ ಬರೆಯುವುದು ಒಟ್ಟಾರೆ ಒಂದೇ ಅಂಕಿ. ಅದು 19 ಆಯಿತೋ 20 ಆಯಿತೋ ಎಂಬುದರ ಮೇಲೆ ಅವನಿಗೆ ಸಿಗುವುದು ಸೊನ್ನೆಯೋ 50 ಪರ್ಸೆಂಟೋ ಎಂಬುದು ನಿಂತಿದೆ.